ಕೆಂಪಕ್ಕನ ಸಹಿ

ಕೆಂಪಕ್ಕನ ಎಡಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ಮುಷ್ಟಿ ಕಟ್ಟಿದರೂ ಅದೊಂದು ಮಾತ್ರ ನೆಟ್ಟಗೆ ಎದುರಿನವರತ್ತ ಚಾಚಿಕೊಂಡೇ ಇರುತ್ತಿತ್ತು. ಹೀಗಾಗಿ ಸುಮ್ಮನೆ ನಿಂತು ಟೀ ಕುಡಿಯುತ್ತಿದ್ದರೂ ಆಕೆ ಯಾರನ್ನೋ ಬೈಯುತ್ತಿದ್ದಾಳೆ ಎನ್ನಿಸುತ್ತಿತ್ತು. ಬಹಳ ಸಲ ನಿಜವಾಗಿಯೂ ಬೈಯುತ್ತಲೇ ಇರುತ್ತಿದ್ದಳು, ಆ ಮಾತು ಬೇರೆ.

ಬೆರಳಿನ ಕಥೆಯನ್ನು ಆಕೆ ಯಾರಿಗೂ ಮುಚ್ಚಿಟ್ಟವಳಲ್ಲ. ಕೊತ್ತಗೆರೆಯಲ್ಲಿ ಗಂಡನ ಮನೆ. ಗಂಡ ಕುಡಿದು ಬಂದು ಹೊಡೆಯುವುದು, ಕುಡಿಯದೆಯೂ ಹೊಡೆಯುವುದು ಹತ್ತು ವರ್ಷ ನಡೆಯಿತು. ತನ್ನನ್ನು ಕೇಳದೆ ಗಾರ್ಮೆಂಟ್ಸ್ ಕೆಲಸಕ್ಕೆ ಹೆಸರು ಕೊಟ್ಟು ಬಂದಳೆಂದು ಒಂದು ದಿನ ಹಿತ್ತಿಲ ಒರಳಿನ ಮೇಲೆ ಅವಳ ಎಡಗೈ ಒತ್ತಿ ಹಿಡಿದು ಗುಂಡುಕಲ್ಲಿನಲ್ಲಿ ಜಜ್ಜಿದ. ಎರಡನೆಯ ಏಟಿಗೆ ಕಲ್ಲೆತ್ತುವಷ್ಟರಲ್ಲಿ ಕೆಂಪಕ್ಕ ಬಲಗೈಯಿಂದ ಅದನ್ನು ಕಿತ್ತುಕೊಂಡು ಅವನ ಮೊಣಕಾಲಿಗೆ ಅಪ್ಪಳಿಸಿದಳು. ಚಿಪ್ಪು ಒಡೆಯಿತು. ಅವನು ನೆಲಕ್ಕೆ ಬಿದ್ದು ಅರಚುತ್ತಿದ್ದರೆ ಈಕೆ ಕೈಗೆ ಸೀರೆ ಸೆರಗು ಸುತ್ತಿಕೊಂಡು ನಡೆದೇ ಕುಣಿಗಲ್ ಠಾಣೆಗೆ ಹೋಗಿ ಇಬ್ಬರ ತಪ್ಪನ್ನೂ ತಾನೇ ಹೇಳಿದಳಂತೆ. "ಅವತ್ತಿಂದ ಅವನು ಕುಂಟ್ದ, ನಾನು ಬೆಳ್ಳು ಚಾಚ್ಕಂಡೆ. ಇನ್ನೊಂದು ಏಟು ಬೀಳ್ಲಿಲ್ಲ," ಎನ್ನುತ್ತಿದ್ದಳು. ಆ ಗಂಡ ಲಿವರ್ ಕೆಟ್ಟು ಹಾಸಿಗೆ ಹಿಡಿದಾಗ ಎರಡು ವರ್ಷ ಅವನ ಹೇಲು ಉಚ್ಚೆ ಬಳಿದದ್ದೂ ಇವಳೇ. "ಹೊಡ್ದೋಳೂ ನಾನೇ, ಗಂಜಿ ಕುಡ್ಸ್ದೋಳೂ ನಾನೇ. ಯಾವ್ದುಕ್ಕೂ ನಂಗೆ ನಾಚ್ಕೆ ಇಲ್ಲ ಕಣವ್ವ."

ನಾನು ಆಕೆಯನ್ನು ಮೊದಲು ಕಂಡದ್ದು ಗೂಳೂರು ದಾಟಿ ಕುಣಿಗಲ್ ರಸ್ತೆಯಲ್ಲಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ಗುಬ್ಬಿಯವಳು ನಾನು. ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ ಅಲ್ಲಿ ಹೆಚ್.ಆರ್. ಸಹಾಯಕಿಯಾಗಿ ಸೇರಿಕೊಂಡಿದ್ದೆ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಹಣೆಗೆ ವಿಭೂತಿ ಇಟ್ಟು ಕಳಿಸುವಾಗ ಅಪ್ಪ, ತಗ್ಗಿ ಬಗ್ಗಿ ನಡೆದರೆ ಎಲ್ಲಿದ್ದರೂ ಬದುಕಬಹುದು ಎಂದಿದ್ದರು. ನನ್ನ ಮೇಲಿದ್ದವರು ಹೆಚ್.ಆರ್. ಮ್ಯಾನೇಜರ್ ಸತೀಶ್. ಮೆಲುದನಿಯ ಮನುಷ್ಯ, ಎಲ್ಲರನ್ನೂ 'ಅಮ್ಮ' ಎಂದೇ ಕರೆಯುತ್ತಿದ್ದರು. ಅವರೆದುರು ನನಗೆ ಮಾತೇ ಹೊರಡುತ್ತಿರಲಿಲ್ಲ.

ಫ್ಯಾಕ್ಟರಿಯ ಬಾಗಿಲಲ್ಲೇ ಒಂದು ಬೋರ್ಡಿತ್ತು. ಮಹಿಳೆಯರ ಮೇಲೆ ಲೈಂಗಿಕ ಕಿರುಕುಳ ಸಹಿಸಲಾಗುವುದಿಲ್ಲ, ದೂರಿದ್ದರೆ ಆಂತರಿಕ ಸಮಿತಿಗೆ ಕೊಡಿ ಎಂದು ದೊಡ್ಡಕ್ಷರದಲ್ಲಿ ಬರೆದು ಕೆಳಗೆ ಸದಸ್ಯರ ಹೆಸರಿಗೆ ಜಾಗ ಬಿಟ್ಟಿದ್ದರು. ಆ ಜಾಗ ಖಾಲಿಯಿತ್ತು. ಹತ್ತು ಮಂದಿ ದುಡಿಯುವ ಕಡೆಯೆಲ್ಲ ಇಂಥ ಸಮಿತಿ ಇರಬೇಕು, ಅದರಲ್ಲಿ ಹೆಂಗಸರು ಅರ್ಧಕ್ಕೆ ಕಡಿಮೆಯಿರಬಾರದು, ಹೊರಗಿನವರೊಬ್ಬರು ಇರಬೇಕು ಎಂಬುದು ಕಾನೂನು. ನಮ್ಮಲ್ಲಿ ಇದ್ದದ್ದು ಬೋರ್ಡು ಮತ್ತು ಒಂದು ನೀಲಿ ಫೈಲು.

ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯ ಕಡೆಯಿಂದ ಆಡಿಟ್‌ಗೆ ಬರುತ್ತಾರೆಂದು ಗೊತ್ತಾದ ವಾರ ಸತೀಶ್ ಆ ಫೈಲನ್ನು ನನ್ನ ಮೇಜಿನ ಮೇಲಿಟ್ಟರು. ಹಿಂದಿನ ಎರಡು ವರ್ಷಗಳಲ್ಲಿ ಸಮಿತಿ ಎಂಟು ಸಲ ಸಭೆ ಸೇರಿದೆ ಎಂದು ನಡಾವಳಿ ಬರೆಯಬೇಕಿತ್ತು. ಬೇರೆ ಬೇರೆ ಪೆನ್ನು ಬಳಸು ಎಂದರು. ಅಧ್ಯಕ್ಷೆಯೆಂದು ಕೆಲಸ ಬಿಟ್ಟು ಹೋಗಿದ್ದ ಒಬ್ಬ ಮೇಡಂ ಹೆಸರಿತ್ತು. ಹೊರಗಿನ ಸದಸ್ಯೆ ಖಾಲಿ ಹಾಳೆಗಳಿಗೆ ಮೊದಲೇ ಸಹಿ ಹಾಕಿ ಕೊಟ್ಟಿದ್ದರು. ಕೆಲಸಗಾರರ ಪರವಾಗಿ ಇದ್ದ ಹೆಸರು: ಕೆಂಪಮ್ಮ, ಇಸ್ತ್ರಿ ವಿಭಾಗ.

ಎಂಟೂ ಸಭೆಯ ನಡಾವಳಿಯಲ್ಲಿ 'ಯಾವುದೇ ದೂರು ಬಂದಿರುವುದಿಲ್ಲ' ಎಂದು ಬರೆದು ಕೆಂಪಕ್ಕನ ಸಹಿಗೆಂದು ಕೆಳಗಿಳಿದೆ. ಇಸ್ತ್ರಿ ವಿಭಾಗದಲ್ಲಿ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಹನ್ನೊಂದು ವರ್ಷ ಇಸ್ತ್ರಿಪೆಟ್ಟಿಗೆ ಎತ್ತಿ ಇಳಿಸಿ ಆಕೆಯ ಬಲತೋಳು ಹಗ್ಗ ಹೊಸೆದಂತಾಗಿತ್ತು. ಮುಂಗೈ ತುಂಬ ಸುಟ್ಟ ಕಲೆಗಳು. ಕಾಗದವನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಾಲ್ಕನೆಯ ಕ್ಲಾಸಿನವರೆಗಿನ ಓದು. ಇದೆಲ್ಲ ಎಲ್ಲಿ ನಡೆಯಿತು ಎಂದು ಕೇಳಿದಳು. ಸುಮ್ಮನೆ ಫಾರ್ಮಾಲಿಟಿ ಅಕ್ಕ, ಸೈನ್ ಮಾಡಿ ಎಂದೆ.

"ಎಲ್ಡು ವರ್ಷದಿಂದ ನಾನು ಮೆಂಬರ್ರು ಅಂತ ಬರ್ದಿದೀಯ. ನಂಗೇ ಗೊತ್ತಿಲ್ವಲ್ಲ. ದೂರು ಬಂದಿಲ್ವಾ? ಇಲ್ ನಿಂತ್ಕಂಡು ಒಂದ್ ದಿನ ನೋಡು, ಎಷ್ಟ್ ಬತ್ತವೆ ಅಂತ." ಕಾಗದ ಹಿಂದಕ್ಕೆ ಕೊಟ್ಟು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಮೇಲೆ ಹೋಗಿ ಹೇಳಿದೆ. ಸತೀಶ್ ಒಂದು ಸಲ ನನ್ನ ಮುಖ ನೋಡಿ, ನೀನೇ ಹಾಕಮ್ಮ, ಹಳ್ಳಿಯವರ ಸೈನ್ ತಾನೆ, ಯಾರು ನೋಡುತ್ತಾರೆ ಎಂದರು. ಎಂಟು ಕಡೆ 'ಕೆಂಪಮ್ಮ' ಎಂದು ಬರೆದೆ. ಕಲಿಯದ ಕೈ ಎಂದು ಕಾಣಲಿ ಅಂತ ಅಕ್ಷರ ನಡುಗಿಸಿ ಬರೆದೆ. ಆಡಿಟ್ ಪಾಸಾಯಿತು.

ಆಕೆ ಹೇಳಿದ್ದಂತೆ ಒಂದು ದಿನವಲ್ಲ, ಹಲವು ದಿನ ನಾನು ಕೆಳಗೆ ನಿಂತು ನೋಡಿದೆ. ಫ್ಲೋರ್ ಇನ್‌ಚಾರ್ಜ್ ನಾಗೇಶ ಕೆಲಸ ತಡವಾದ ಹುಡುಗಿಯರ ಮುಖಕ್ಕೆ ಬಟ್ಟೆಯ ಬಂಡಲ್ ಎಸೆಯುತ್ತಿದ್ದ. ಜಡೆ ಹಿಡಿದು ತಲೆಯನ್ನು ಮಷಿನ್ನಿನತ್ತ ಬಗ್ಗಿಸುತ್ತಿದ್ದ. ಬೆನ್ನ ಹಿಂದೆ ನಿಂತು ಬಗ್ಗಿ, ಹೊಲಿಗೆ ತೋರಿಸುವ ನೆಪದಲ್ಲಿ ಮೈಗೆ ಮೈ ಒತ್ತುತ್ತಿದ್ದ. ತಾಯಿ ಅಕ್ಕ ಸೇರಿಸಿ ಬೈಯುವುದಂತೂ ಅವನಿಗೆ ಉಸಿರಾಡಿದಂತೆ. ಮಷಿನ್ನುಗಳ ಸದ್ದಿನಲ್ಲಿ ಯಾರು ಅತ್ತರೂ ಕೇಳುತ್ತಿರಲಿಲ್ಲ. ಕೆಂಪಕ್ಕನ ಸಾಲಿನ ಹತ್ತಿರ ಮಾತ್ರ ಅವನು ಕೈ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಹಿಂದೊಮ್ಮೆ ಆಕೆಯ ಮೇಲೆ ಬಂಡಲ್ ಎಸೆದಾಗ ಆಕೆ ಅದನ್ನು ಬಿಚ್ಚಿ, ಒಂದೊಂದೇ ಪ್ಯಾಂಟಿನಿಂದ ಅವನ ಮುಖಕ್ಕೆ ಬಾರಿಸುತ್ತ ಬಾಗಿಲವರೆಗೆ ಅಟ್ಟಿಕೊಂಡು ಹೋಗಿದ್ದಳಂತೆ. ಆ ಕಥೆ ಹೇಳುವಾಗ ಹುಡುಗಿಯರ ಮುಖದಲ್ಲಿ ಬರುತ್ತಿದ್ದ ಬೆಳಕು ಹಬ್ಬದ ದಿನವೂ ಬರುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಆಕೆಯ ಸುತ್ತ ಎಂಟು ಹತ್ತು ಹುಡುಗಿಯರು. ರಾಗಿಮುದ್ದೆ, ಹುಳಿಸೊಪ್ಪಿನ ಸಾರು ತರುತ್ತಿದ್ದಳು. ಯಾರಾದರೂ ಉಣ್ಣದೆ ಕುಳಿತರೆ ಬೆನ್ನಿಗೊಂದು ಗುದ್ದಿ ಬಾಯಿಗೆ ತುತ್ತು ತುರುಕುವಳು. ಪ್ರೀತಿಯನ್ನೂ ಆಕೆ ಏಟಿನ ಹಾಗೆಯೇ ಕೊಡುತ್ತಿದ್ದಳು. ನಾನು ಸಹಿ ಹಾಕಿದ ಮೇಲೆ ಅವಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಆಕೆ ನನ್ನನ್ನೂ ಕೈಹಿಡಿದು ಕೂರಿಸಿಕೊಂಡಳು. ಆಕೆಯ ಒಂದು ಮಾತು ಆಗ ಕೇಳಿದ್ದು: "ಬಾಯಲ್ಲಿ ಆಗೋ ಕೆಲ್ಸುಕ್ಕೆ ಕೈ ತರಬಾರ್ದು. ಕೈಯಲ್ಲಿ ಆಗ್ಬೇಕಾದ್ದುಕ್ಕೆ ಬಾಯಿ ತರಬಾರ್ದು." ಯಾವುದು ಯಾವುದೆಂದು ಹೇಗೆ ಗೊತ್ತಾಗುವುದು ಎಂದು ಕೇಳಿದೆ. ಅದು ತನಗೂ ಏಟು ಬಿದ್ದ ಮೇಲೇ ಗೊತ್ತಾಗುವುದು ಎಂದಳು.

ಮಾರ್ಕೋನಹಳ್ಳಿ ಕಡೆಯ ಸವಿತಾ ಸೇರಿ ಮೂರು ತಿಂಗಳಾಗಿತ್ತು. ಇಪ್ಪತ್ತೆರಡು ವರ್ಷ. ಚುರುಕು ಕೈ, ಮಾತು ಕಡಿಮೆ. ಅಂದು ಮಧ್ಯಾಹ್ನ ದಾರದ ಉಂಡೆ ತರಲೆಂದು ನಾಗೇಶ ಅವಳನ್ನು ಬಟ್ಟೆಯ ಸ್ಟೋರಿಗೆ ಕಳಿಸಿದ. ಹಿಂದೆಯೇ ತಾನೂ ಹೋಗಿ ಬಾಗಿಲು ಮುಂದೆ ಮಾಡಿದ. ಒಳಗೆ ನಡೆದದ್ದನ್ನು ಸವಿತಾ ಆಮೇಲೆ ಹೇಳಿದಳು. ಅವನು ಬಾಯಿ ಮುಚ್ಚಿ ಗೋಡೆಗೆ ಒತ್ತಿ ಹಿಡಿದು ಬಟ್ಟೆಗೆ ಕೈಹಾಕಿದ. ಅವಳು ಅಂಗೈ ಕಚ್ಚಿದಳು, ಹಲ್ಲು ಇಳಿಯುವಷ್ಟು. ಅವನು ಕೂದಲು ಹಿಡಿದು ತಲೆಯನ್ನು ಕಬ್ಬಿಣದ ರ‍್ಯಾಕಿನ ಮೂಲೆಗೆ ಚಚ್ಚಿದ. ಒಂದಲ್ಲ, ಮೂರು ಸಲ.

ನಾನು ಹಾಜರಿ ಪಟ್ಟಿ ಹಿಡಿದು ಇಸ್ತ್ರಿ ಸಾಲಿನ ಹತ್ತಿರವಿದ್ದೆ. ಸ್ಟೋರಿನ ಬಾಗಿಲು ತೆರೆದು ಸವಿತಾ ಹೊರಬಂದಳು. ಹಣೆಯಿಂದ ಕೆಳಗೆ ಮುಖವೇ ಕಾಣುತ್ತಿರಲಿಲ್ಲ, ಅಷ್ಟು ರಕ್ತ. ಎರಡು ಹೆಜ್ಜೆ ನಡೆದು ಬಿಳಿ ಷರ್ಟುಗಳ ರಾಶಿಯ ಮೇಲೆ ಬಿದ್ದಳು. ಹಿಂದೆಯೇ ಬಂದ ನಾಗೇಶ ಅವಳ ತೋಳು ಹಿಡಿದು ಮತ್ತೆ ಒಳಕ್ಕೆಳೆಯಲು ನೋಡಿದ. ಮಷಿನ್ನುಗಳು ಓಡುತ್ತಲೇ ಇದ್ದವು.

ಕೆಂಪಕ್ಕ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಾಗೇ ಎತ್ತಿಕೊಂಡು ಹೋದಳು. ವಯರು ಕಿತ್ತು ಹಿಂದೆ ಜೋಲಾಡುತ್ತಿತ್ತು. ಅವನ ಕುತ್ತಿಗೆ ಪಟ್ಟಿ ಹಿಡಿದು ಗೋಡೆಗೆ ಒತ್ತಿ, ಹಬೆಯಾಡುವ ಪೆಟ್ಟಿಗೆಯನ್ನು ಕೆನ್ನೆಗೆ ಒಂದು ಗೇಣು ದೂರದಲ್ಲಿ ಹಿಡಿದಳು. ಅವನ ಕೆನ್ನೆ ಕೆಂಪಗಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಆಮೇಲೆ ಪೆಟ್ಟಿಗೆಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟಳು. ಉಳಿದೆನಲ್ಲ ಎಂದುಕೊಂಡು ಅವನು ಉಸಿರು ಬಿಡುತ್ತಿದ್ದಂತೆ, ಷರ್ಟಿನ ತೋಳು ಇಸ್ತ್ರಿ ಮಾಡುವ ಮರದ ಹಲಗೆ ಎತ್ತಿ ಅವನ ಬಲಮಣಿಕಟ್ಟಿಗೆ ಬೀಸಿದಳು. ಹಸಿ ಕಟ್ಟಿಗೆ ಮುರಿದಂಥ ಸದ್ದು ಕೇಳಿತು. ಯಾರೋ ಮೇನ್ ಸ್ವಿಚ್ ಆರಿಸಿದರು. ಆ ಕಟ್ಟಡದಲ್ಲಿ ಅಂಥ ಮೌನವನ್ನು ನಾನು ಕೇಳಿದ್ದು ಅದೇ ಮೊದಲು.

ಒಂದು ಗಂಟೆಯೊಳಗೆ ಎಲ್ಲವನ್ನೂ ಒರೆಸಿ ಹಾಕಿದರು. ನಾಗೇಶನನ್ನು ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕಳಿಸಿದರು. ಸವಿತಾಳ ತಲೆಗೆ ಫ್ಯಾಕ್ಟರಿಯ ಪ್ರಥಮ ಚಿಕಿತ್ಸೆ ಕೋಣೆಯಲ್ಲೇ ಬಟ್ಟೆ ಸುತ್ತಿ ಮನೆಗೆ ಕಳಿಸಿದರು. ಮೇಲಿನವರ ಮೇಲೆ ಹಲ್ಲೆ ಮಾಡಿದಳೆಂದು ಕೆಂಪಕ್ಕನಿಗೆ ಅಮಾನತಿನ ಪತ್ರ. ಠಾಣೆಯಲ್ಲಿ ಅವಳ ಮೇಲೆ ದೂರು. ಸತೀಶ್ ಅಪಘಾತದ ರಿಜಿಸ್ಟರನ್ನು ನನ್ನ ಮುಂದೆ ತೆರೆದಿಟ್ಟು ಮೆಲ್ಲಗೆ, ಒಂದು ಸಾಲು ಬರಿಯಮ್ಮ ಎಂದರು. 'ಸ್ಟೋರಿನಲ್ಲಿ ಕಾಲು ಜಾರಿ ಬಿದ್ದು ಹಣೆಗೆ ಪೆಟ್ಟು' ಎಂದು ಬರೆದೆ. ಬರೆಯುವಾಗ ನನ್ನ ಚೂಡಿದಾರದ ತೋಳಿನ ಮೇಲೆ ಸವಿತಾಳನ್ನು ಎತ್ತುವಾಗ ತಾಗಿದ ರಕ್ತ ಇನ್ನೂ ಹಸಿಯಾಗಿತ್ತು.

ಮರುದಿನ ಬೆಳಿಗ್ಗೆ ಕೆಂಪಕ್ಕ ಗೇಟಿನ ಹೊರಗೆ ಬಂದು ನಿಂತಳು. ಜಗಳವಾಡಲಿಲ್ಲ. ಸವಿತಾ ಬರೆದು ಕೊಟ್ಟ ದೂರು ಕೈಯಲ್ಲಿತ್ತು. ಸಮಿತಿಯ ಸಭೆ ಕರೆಯಿರಿ, ನಾನು ಸದಸ್ಯೆ ಎಂದು ಹೇಳಿ ಕಳಿಸಿದಳು. ಅಮಾನತಾದವರು ಸದಸ್ಯರಲ್ಲ ಎಂದು ಸತೀಶ್ ಸೆಕ್ಯುರಿಟಿಯ ಬಾಯಲ್ಲಿ ಹೇಳಿಸಿದರು. ಮೂರು ದಿನ ಅದೇ ಮಾತು. ನಾಲ್ಕನೆಯ ದಿನ ಆಕೆ ಸವಿತಾಳನ್ನು ಕರೆದುಕೊಂಡು ತುಮಕೂರಿಗೆ ಹೋದಳು. ಮೊದಲು ಠಾಣೆಯಲ್ಲಿ ನಾಗೇಶನ ಮೇಲೆ ದೂರು ಬರೆಸಿದಳು. ಅಲ್ಲಿಂದ ಜಿಲ್ಲಾ ಕಚೇರಿಗೆ ಹೋಗಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅಲೆದು, ಕೊನೆಗೆ ಈ ಕಾನೂನನ್ನು ನೋಡಿಕೊಳ್ಳುವ ಅಧಿಕಾರಿಯ ಮುಂದೆ ಕುಳಿತಳು. ಕಂಪನಿಯಲ್ಲಿ ಸಮಿತಿಯೇ ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಯೇ ದೂರು ಕೇಳುತ್ತದೆ ಎಂದು ಆಕೆಗೆ ಗೊತ್ತಾದದ್ದು ಅಲ್ಲಿ. ಕಂಪನಿಯ ಉತ್ತರ ಒಂದೇ ವಾರದಲ್ಲಿ ಹೋಯಿತು: ನಮ್ಮಲ್ಲಿ ಸಮಿತಿ ಇದೆ, ಎಂಟು ಸಭೆ ನಡೆದಿದೆ, ದೂರನ್ನು ನಮಗೇ ಕಳಿಸಿ, ನಾವೇ ವಿಚಾರಣೆ ಮಾಡುತ್ತೇವೆ. ಜೊತೆಗೆ ಆ ನೀಲಿ ಫೈಲಿನ ಪ್ರತಿ. ಪ್ರತಿ ತೆಗೆದವಳು ನಾನೇ.

ಜಿಲ್ಲಾ ಕಚೇರಿಯಲ್ಲಿ ಎಲ್ಲರನ್ನೂ ಕರೆಸುವ ದಿನ ಗೊತ್ತಾಯಿತು. ಅದಕ್ಕೆ ಐದು ದಿನ ಮೊದಲು, ಹಾಡುಹಗಲಲ್ಲಿ, ಕೊತ್ತಗೆರೆ ಗೇಟಿನಲ್ಲಿ ಬಸ್ಸಿಳಿದು ನಡೆಯುತ್ತಿದ್ದ ಕೆಂಪಕ್ಕನ ಮುಂದೆ ಬೈಕೊಂದು ನಿಂತಿತು. ಇಬ್ಬರು ಇಳಿದರು. ಮಾತಿಲ್ಲ, ಬೈಗುಳವಿಲ್ಲ. ಒಬ್ಬ ಕಬ್ಬಿಣದ ಪೈಪಿನಿಂದ ಬಲತೋಳಿಗೆ ಹೊಡೆದ. ಆಕೆ ಬಿದ್ದ ಮೇಲೆ ಇನ್ನೊಬ್ಬ ಬಾಯಿಗೆ ಒದ್ದ. ಕೊನೆಯ ಏಟು ತಲೆಯ ಹಿಂಭಾಗಕ್ಕೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ಕೂಗಿಕೊಂಡು ಕೋಲೆತ್ತಿ ಓಡಿಬಂದದ್ದರಿಂದ ಅಷ್ಟಕ್ಕೇ ಬಿಟ್ಟು ಹೋದರು.

ಕುಣಿಗಲ್ಲಿನ ಸರ್ಕಾರಿ ಆಸ್ಪತ್ರೆಗೆ ನಾನು ಹೋದಾಗ ಅವಳನ್ನು ಗುರುತಿಸುವುದೇ ಕಷ್ಟವಾಯಿತು. ಮುಖ ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು. ಮುಂದಿನ ಮೂರು ಹಲ್ಲು ಇರಲಿಲ್ಲ. ಬಲತೋಳು ಎರಡು ಕಡೆ ಮುರಿದಿತ್ತು. ಮಗಳು ಚಮಚದಲ್ಲಿ ನೀರು ಹಾಕುತ್ತಿದ್ದಳು. ನಾನು ಕಿತ್ತಳೆಹಣ್ಣಿನ ಚೀಲ ಹಿಡಿದು ಕಾಲಬಳಿ ನಿಂತೆ. ಅತ್ತುಬಿಟ್ಟೆ. ಮಗಳನ್ನು ಹೊರಗೆ ಕಳಿಸಿ ಆಕೆ ಹತ್ತಿರ ಕರೆದಳು.

"ಸೈನು ನಾನು ಹಾಕ್ಲಿಲ್ಲ. ಆಡಿಟ್ ಪಾಸಾಯ್ತು. ಇನ್ಯಾರ್ ಹಾಕಿರ್ತಾರೆ, ನೀನೇ ತಾನೆ?"

ಹೌದೆಂದು ತಲೆಯಾಡಿಸಿದೆ.

"ಅಲ್ಲಿ ನನ್ ಕೇಳ್ತಾರೆ. ನಂದಲ್ಲ ಅಂತೀನಿ. ನಿನ್ನ ಉಳ್ಸಕ್ಕೆ ಅಂತ ಸುಳ್ ಹೇಳಕಾಗಲ್ಲ ಮಗ. ಆದ್ರೆ ನಿನ್ ಹೆಸ್ರು ನನ್ ಬಾಯಲ್ಲಿ ಬರಲ್ಲ. ಅದನ್ನ ನೀನ್ ಹೇಳ್ಬೇಕು."

ಹೇಳಿದರೆ ನನ್ನ ಗತಿಯೇನು ಅಕ್ಕ ಎಂದೆ. ಆಕೆ ಒಡೆದ ತುಟಿಯಲ್ಲಿ ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಗತಿ ನೋಡಬೇಕೆಂದರೆ ನನ್ನನ್ನು ನೋಡು, ಸತ್ತಿಲ್ಲ ತಾನೆ ಎಂದಳು. ಆಮೇಲೆ ಕಿತ್ತಳೆ ಸುಲಿದು ಬಾಯಿಗೆ ಹಿಂಡಲು ಹೇಳಿದಳು. ರಸ ಗಾಯಕ್ಕೆ ತಾಗಿ ಉರಿದರೂ ಎರಡು ಹಣ್ಣು ಮುಗಿಸಿದಳು.

ಆ ಐದು ದಿನ ನಾನು ಹೇಗೆ ಕಳೆದೆನೋ ತಿಳಿಯದು. ಗುಬ್ಬಿಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಬೈಕು ಸದ್ದಾದರೆ ಕಿಟಕಿಯಿಂದ ಒಳಕ್ಕೆ ಸರಿದು ಕೂರುತ್ತಿದ್ದೆ. ಮನೆಯಲ್ಲಿ ಹೇಳಿದಾಗ ಅಪ್ಪ, ಬೇಡವಮ್ಮ, ಕಾಯಿಲೆ ಅಂತ ರಜೆ ಹಾಕು ಎಂದರು. ಅಮ್ಮ ಮಾತ್ರ ಒಲೆಯ ಮುಂದಿನಿಂದ ತಿರುಗದೆ, ಆ ಹುಡುಗಿಯ ತಾಯಿ ಈಗ ಏನು ಮಾಡುತ್ತಿದ್ದಾಳೋ ಎಂದಳು.

ಜಿಲ್ಲಾ ಕಚೇರಿಯ ಆ ಕೋಣೆ ಚಿಕ್ಕದು. ಉದ್ದನೆಯ ಮೇಜಿನ ಆಚೆ ಅಧಿಕಾರಿ ಮತ್ತು ಸ್ಥಳೀಯ ಸಮಿತಿಯ ಮೂವರು ಹೆಂಗಸರು. ಈಚೆ ಸತೀಶ್, ಕಂಪನಿಯ ವಕೀಲರು, ಫೈಲು ಹಿಡಿದ ನಾನು. ಗೋಡೆಯ ಪಕ್ಕ ಹಣೆಗೆ ಹೊಲಿಗೆ ಹಾಕಿಸಿಕೊಂಡ ಸವಿತಾ, ಕೊರಳಿಗೆ ಕೈ ನೇತುಹಾಕಿಕೊಂಡ ಕೆಂಪಕ್ಕ. ಅಧಿಕಾರಿ ನಡಾವಳಿಯನ್ನು ಅವಳ ಮುಂದಿಟ್ಟು ಇದು ನಿಮ್ಮ ಸಹಿಯೇ ಎಂದು ಕೇಳಿದರು. ಕೆಂಪಕ್ಕ ಎಂಟೂ ಹಾಳೆ ತಿರುವಿ ನೋಡಿ, "ನಂದಲ್ಲ" ಎಂದಳು. ನನ್ನ ಕಡೆ ಕಣ್ಣೆತ್ತಲಿಲ್ಲ.

ವಕೀಲರು ಎದ್ದರು. ಈಕೆ ಹೆಚ್ಚು ಓದಿದವಳಲ್ಲ, ಇಂಥವರ ಸಹಿ ದಿನಕ್ಕೊಂದು ತರ ಇರುತ್ತದೆ. ಮೇಲಾಗಿ ಮೇಲಧಿಕಾರಿಯ ಕೈ ಮುರಿದ ಆರೋಪಿ. ಈಕೆಯ ಮಾತಿಗೆ ಏನು ಬೆಲೆ ಎಂದರು. ಅಧಿಕಾರಿ ಪೆನ್ನಿನ ಮುಚ್ಚಳ ತಿರುವುತ್ತಿದ್ದರು. ಸತೀಶ್ ಮೇಜಿನ ಕೆಳಗೆ ತಮ್ಮ ಷೂ ತುದಿಯಿಂದ ನನ್ನ ಪಾದವನ್ನು ಒತ್ತಿ ಹಿಡಿದಿದ್ದರು.

"ಆ ಸಹಿ ನಾನು ಹಾಕಿದ್ದು," ಎಂದೆ.

ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಆಗಲಿಲ್ಲ. ಎಂಟು ಸಭೆಗಳಲ್ಲಿ ಒಂದೂ ನಡೆದಿಲ್ಲ ಎಂದೆ. ಬೇರೆ ಬೇರೆ ಪೆನ್ನು ಬಳಸಿದ್ದು, ಯಾರು ಹೇಳಿದರು ಎಂಬುದು, ಅಪಘಾತದ ರಿಜಿಸ್ಟರಿನಲ್ಲಿ ಕಾಲು ಜಾರಿದಳೆಂದು ಬರೆದದ್ದು, ಸ್ಟೋರಿನಿಂದ ಸವಿತಾ ಹೊರಬಂದದ್ದನ್ನು ಕಣ್ಣಾರೆ ಕಂಡದ್ದು, ಎಲ್ಲ ಹೇಳಿದೆ. ಒಬ್ಬ ಸದಸ್ಯೆ ಕಾಗದ ಕೊಟ್ಟು 'ಕೆಂಪಮ್ಮ' ಎಂದು ಬರೆಯಲು ಹೇಳಿದರು. ನಡುಗಿಸಿ ಬರೆಯುವ ಕಷ್ಟವೇ ಆಗಲಿಲ್ಲ, ಕೈ ತಾನೇ ನಡುಗುತ್ತಿತ್ತು. ಅಕ್ಷರ ಹೊಂದಿಕೆಯಾಯಿತು. ಸಮಿತಿಯೇ ಇರಲಿಲ್ಲವೆಂದು ಬರೆದುಕೊಂಡು ದೂರನ್ನು ಸ್ಥಳೀಯ ಸಮಿತಿ ಕೈಗೆತ್ತಿಕೊಂಡಿತು.

ಹೊರಗೆ ಜಗಲಿಯಲ್ಲಿ ಸತೀಶ್ ನನ್ನನ್ನು ದಾಟಿಹೋಗುವಾಗ ಬಗ್ಗಿ ಕಿವಿಯಲ್ಲಿ ಒಂದು ಮಾತಂದರು. ಅದನ್ನು ಬರೆಯಲಾರೆ. ಕೆಂಪಕ್ಕ ಕೇಳಿಸಿಕೊಂಡಳೋ ಏನೋ, ನಡುವೆ ಬಂದು ನಿಂತಳು. ಮುರಿದ ಕೈ ಕೊರಳಲ್ಲಿತ್ತು, ಇನ್ನೊಂದು ಕೈ ನನ್ನ ಭುಜದ ಮೇಲೆ. ಅವರ ಬೆನ್ನು ಮೆಟ್ಟಿಲಿಳಿದು ಮರೆಯಾಗುವವರೆಗೂ ನೋಡಿದಳು.

ವಿಚಾರಣೆ ಮೂರು ತಿಂಗಳೊಳಗೆ ಮುಗಿಯಿತು. ನಾಗೇಶನನ್ನು ಕೆಲಸದಿಂದ ತೆಗೆದರು. ಪೊಲೀಸರೂ ಹಿಡಿದರು, ಬೈಕಿನ ಇಬ್ಬರು ಅವನ ಭಾವಮೈದುನರೆಂದು ಗೊತ್ತಾದದ್ದು ಆಗ. ಕಂಪನಿಯ ಮೇಲೂ ಕ್ರಮವಾಯಿತು. ಹೊಸ ಸಮಿತಿ ಆಯಿತು, ಬೋರ್ಡಿನ ಖಾಲಿ ಜಾಗದಲ್ಲಿ ಹೆಸರುಗಳು ಬಂದವು, ಫೋನ್ ನಂಬರು ಬಂತು. ಸತೀಶ್ ಮಾತ್ರ ರಾಜೀನಾಮೆ ಕೊಟ್ಟು ಬೇರೊಂದು ಊರಿನ ಫ್ಯಾಕ್ಟರಿಗೆ ಅದೇ ಹುದ್ದೆಗೆ ಹೋದರು. ನನ್ನ ಕೆಲಸ ಹೋಯಿತು; ಸುಳ್ಳು ದಾಖಲೆ ಬರೆದವಳನ್ನು ಇಟ್ಟುಕೊಳ್ಳಲು ಅವರಿಗೂ ಆಗುವುದಿಲ್ಲ, ಅದರಲ್ಲಿ ನನಗೆ ತಕರಾರಿಲ್ಲ. ಈಗ ಗುಬ್ಬಿಯ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತೇನೆ.

ನಾಗೇಶನ ಮಣಿಕಟ್ಟು ಮುರಿದ ಕೇಸು ಕೆಂಪಕ್ಕನ ಮೇಲೆ ನಡೆಯಿತು. ಹೊಡೆದದ್ದನ್ನು ಕಂಡವರು ಮುಂದೆ ಬರುವುದಿಲ್ಲ, ಇಲ್ಲವೆಂದುಬಿಡಿ ಎಂದು ಆಕೆಯ ವಕೀಲರು ಹೇಳಿಕೊಟ್ಟಿದ್ದರಂತೆ. ಆಕೆ ಕಟಕಟೆಯಲ್ಲಿ ನಿಂತು ಹೊಡೆದೆ ಎಂದಳು. ಯಾಕೆಂದು ಕೇಳಿದ್ದಕ್ಕೆ, ಹುಡುಗಿಯರನ್ನು ಆ ಕೈ ಬಿಡುತ್ತಿರಲಿಲ್ಲ ಸ್ವಾಮಿ ಎಂದಳು. ಎಲ್ಲ ಕೇಳಿ, ಮುಂದೆ ಸರಿಯಾಗಿ ನಡೆದುಕೊಳ್ಳಬೇಕೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಫ್ಯಾಕ್ಟರಿ ಮತ್ತೆ ಸೇರಿಸಿಕೊಂಡಿತು, ಆದರೆ ಆ ತೋಳು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಲಿಲ್ಲ. ಗುಂಡಿ ಎಣಿಸುವ ಕಡೆ ಕೂರಿಸಿದರು. ತಲೆಗೆ ಬಿದ್ದ ಏಟಿನಿಂದ ಆಗಾಗ ಫಿಟ್ಸ್ ಬರುತ್ತಿತ್ತು. ಒಂದು ವರ್ಷ ಹೇಗೋ ನಡೆಸಿ ಮನೆಯಲ್ಲಿ ಕುಳಿತಳು.

ಕೊನೆಯ ಸಲ ನೋಡಿದ್ದು ಕೊತ್ತಗೆರೆಯಲ್ಲಿ. ಭಾನುವಾರ ಬೆಳಿಗ್ಗೆ ಹೋಗಿದ್ದೆ. ಜಗಲಿಯ ಬಿಸಿಲಿಗೆ ಕುಳಿತು ಎಡಗೈಯಿಂದ ಅವರೆಕಾಯಿ ಬಿಡಿಸುತ್ತಿದ್ದಳು. ತೂಕ ಇಳಿದು ರವಿಕೆ ಜೋತಾಡುತ್ತಿತ್ತು. ಫ್ಯಾಕ್ಟರಿಯ ಸುದ್ದಿ, ಸವಿತಾಳ ಸುದ್ದಿ ಎಲ್ಲ ಆಯಿತು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು:

"ಒಂದು ಕೇಳ್ಬೇಕು ಅಂತಿದ್ದೆ. ಅವತ್ತು ನನ್ ಸೈನು ಯಾಕ್ ಹಾಕ್ದೆ? ಬರೀ ಕೆಲ್ಸ ಹೋಗ್ತದೆ ಅಂತ್ಲಾ?"

ಅಲ್ಲ ಎಂದೆ. ಅಷ್ಟು ದಿನ ಅಮ್ಮನಿಗೂ ಹೇಳದ್ದನ್ನು ಆಗ ಹೇಳಿದೆ. ಕೆಲಸಕ್ಕೆ ಸೇರಿದ ಎರಡನೆಯ ವಾರ ಸತೀಶ್ ಫೈಲಿನ ಕೋಣೆಗೆ ಕರೆದು ಬಾಗಿಲು ಹಾಕಿದ್ದರು. ಬೀರುವಿಗೆ ಒತ್ತಿ ಹಿಡಿದು ಮೈಯೆಲ್ಲ ಕೈಯಾಡಿಸಿದರು. ದೂಡಿದ್ದಕ್ಕೆ ಮಣಿಕಟ್ಟು ಹಿಂದಕ್ಕೆ ತಿರುಚಿ, ಅದೇ ಮೆಲುದನಿಯಲ್ಲಿ, ಕೂಗು, ಯಾರು ಬರುತ್ತಾರೆ ನೋಡೋಣ ಎಂದರು. ನಾನು ಕೂಗಲಿಲ್ಲ. ಅಂದಿನಿಂದ ಅವರು ಹೇಳಿದ್ದನ್ನೆಲ್ಲ ಬರೆಯುತ್ತ ಬಂದೆ.

ಕೆಂಪಕ್ಕನ ಕೈ ಅವರೆಕಾಯಿಯ ಮೇಲೆ ನಿಂತುಹೋಗಿತ್ತು. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಯಾರಿಗೆ ಹೇಳುವುದೆಂದು ಗೊತ್ತಿರಲಿಲ್ಲ ಎಂದೆ.

"ನಾನಿದ್ನಲ್ಲ ಮಗ, ಮೆಂಬರ್ರು. ನೀನೇ ಬರ್ದಿದ್ಯಲ್ಲ."

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಆಕೆಯ ಕಣ್ಣು ತುಂಬಿತ್ತು. ನಾನು ಆಕೆಯ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಆಸ್ಪತ್ರೆಯಲ್ಲಿ, ಹಲ್ಲು ಮೂಳೆ ಮುರಿದು ಮಲಗಿದ್ದಾಗಲೂ ಕಂಡಿರಲಿಲ್ಲ. ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ನನ್ನ ತೊಡೆಯ ಮೇಲಿಟ್ಟು, ಬರಿ ಎಂದಳು. ಊಟದ ಹೊತ್ತು ಮೀರುವವರೆಗೆ ಬರೆದೆ. ಓದಿಸಿ ಕೇಳಿ ಒಂದು ಸಾಲು ಸೇರಿಸಲು ಹೇಳಿದಳು: ಆತ ಈಗ ಹೊಸ ಫ್ಯಾಕ್ಟರಿಯಲ್ಲೂ ಹೆಂಗಸರ ಮೇಲಿನ ಅಧಿಕಾರಿಯಾಗಿಯೇ ಇದ್ದಾನೆ.

ಸಮಿತಿಯ ಮುಂದೆ ದೂರು ಕೊಡುವ ಅವಧಿ ಮುಗಿದಿತ್ತು. ಠಾಣೆಯಲ್ಲಿ ತೆಗೆದುಕೊಂಡರು. ಅದಾಗಿ ಒಂದು ತಿಂಗಳಿಗೆ ಕೆಂಪಕ್ಕನ ಮಗಳು ಫೋನ್ ಮಾಡಿದಳು. ಕೊಟ್ಟಿಗೆಯಲ್ಲಿ ಫಿಟ್ಸ್ ಬಂದು ಬಿದ್ದವಳು ಏಳಲಿಲ್ಲವಂತೆ.

ನಾನು ಹೋಗುವಷ್ಟರಲ್ಲಿ ಮನೆ ಮುಂದೆ ಫ್ಯಾಕ್ಟರಿಯ ಹೆಂಗಸರು ತುಂಬಿದ್ದರು. ಶಿಫ್ಟ್ ಬಿಟ್ಟು ಬಂದಿದ್ದರು, ಕೆಲವರ ಕೊರಳಲ್ಲಿ ಇನ್ನೂ ಗುರುತಿನ ಚೀಟಿ ನೇತಾಡುತ್ತಿತ್ತು. ಹೊಲದ ಬದುವಿನಲ್ಲಿ ಗುಂಡಿಗೆ ಇಳಿಸುವಾಗ ಒಬ್ಬಳ ಫೋನು ಹೊಡೆದುಕೊಂಡಿತು, ಆಮೇಲೆ ಇನ್ನೊಬ್ಬಳದು, ಮತ್ತೊಬ್ಬಳದು. ಹೊಲಿಗೆಯ ಲೈನ್ ಖಾಲಿಯಾಗಿದೆಯೆಂದು ಫ್ಯಾಕ್ಟರಿಯಿಂದ ಕರೆ. ಯಾರೂ ಎತ್ತಲಿಲ್ಲ. ಒಬ್ಬೊಬ್ಬರೇ ಫೋನು ಆರಿಸಿ ಬಗ್ಗಿ ಮಣ್ಣು ಹಾಕಿದರು.

ಮುಂದಿನ ತಿಂಗಳು ಸತೀಶ್ ಮೇಲಿನ ಕೇಸಿಗೆ ತುಮಕೂರಿನ ಕೋರ್ಟಿನಲ್ಲಿ ನನ್ನ ಸಾಕ್ಷಿ ಇದೆ. ಸವಿತಾ ಜೊತೆಗೆ ಬರುತ್ತೇನೆ ಎಂದಿದ್ದಾಳೆ.